ಹೊಲಿಗೆ ಯಂತ್ರ ಕೊಟ್ಟಾಯಿತು, ಮುಂದೆ?

ವ್ಯಾಪಾರದ ಕೆಲಸಕ್ಕೆಂದು ನಾವು ಮೂವರು ಘಟ್ಟ ಹತ್ತಿ ಹರಪನಹಳ್ಳಿ, ಕೊಟ್ಟೂರು ಕಡೆ ಹೋಗಿದ್ದೆವು. ಕೊಟ್ಟೂರಿನ ಆಚೆ ಒಂದು ಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಎದುರು ಮನೆಯ ಕಟ್ಟೆಯಲ್ಲಿ ಒಬ್ಬರು ಅಜ್ಜಿ ಕೌದಿ ಹೊಲಿಯುತ್ತಿದ್ದರು. ಹಳೆ ಸೀರೆಯ ತುಂಡುಗಳು, ಸುತ್ತ ಕೆಂಪು ಅಂಚು, ಒಂದರ ಪಕ್ಕ ಒಂದು ಇರುವೆ ಸಾಲಿನಂತೆ ಹೊಲಿಗೆ. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಎಷ್ಟು ಅಂತ ಕೇಳಿದೆವು. ಅಜ್ಜಿ ನಕ್ಕು, "ನೀವಾ ಹೇಳ್ರಿ ಸಾಹೇಬ್ರೆ, ಎಷ್ಟ್ ಕೊಡ್ತೀರಿ?" ಎಂದರು.

ನಾವು ವ್ಯಾಪಾರಸ್ಥರಲ್ಲವೇ, ಬಾಯಿಗೆ ಬಂದದ್ದು ಕಡಿಮೆ ರೇಟೇ. 1,500 ರೂಪಾಯಿಗೆ ಮಾತು ಮುಗಿಯಿತು. ಅಜ್ಜಿಗೂ ಖುಷಿ, ನಮಗೂ ಖುಷಿ. ಗಾಡಿ ಹೊರಟ ಮೇಲೆ ನಮ್ಮಲ್ಲೊಬ್ಬರು ಸುಮ್ಮನೆ ಲೆಕ್ಕ ಹಾಕತೊಡಗಿದರು. ಬಟ್ಟೆ, ದಾರ ಎಲ್ಲ ಸೇರಿ 460 ಅಂತ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆಯಂತೆ ಹನ್ನೆರಡು ದಿನ ಹೊಲಿದರೆ 48 ಗಂಟೆ. ಅಜ್ಜಿಗೆ ಉಳಿದದ್ದು 1,040 ರೂಪಾಯಿ, ಗಂಟೆಗೆ 22 ರೂಪಾಯಿಯೂ ಬೀಳಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತವರಿಗೆ 2025-26ರಲ್ಲಿ ನಮ್ಮ ರಾಜ್ಯದ ದಿನಗೂಲಿ 370. ಆ 48 ಗಂಟೆಯನ್ನು ಆರು ದಿನದ ದುಡಿಮೆ ಅಂತ ಹಿಡಿದರೂ ಕೂಲಿಯೇ 2,220 ಆಗಬೇಕು. ಬಟ್ಟೆ ಸೇರಿದರೆ 2,680. ಅದೂ ಮಣ್ಣು ಹೊರುವ ಕೂಲಿ, ಇಷ್ಟು ವರ್ಷದ ಕೈಚಳಕದ ಕೂಲಿ ಅಲ್ಲ ಮಾರಾಯ್ರೆ!

ಆ ಅಜ್ಜಿಗೆ ಹೊಲಿಗೆ ಕಲಿಸುವವರು ಬೇಕಿಲ್ಲ, ಅವರೇ ನಾಲ್ಕು ಜನರಿಗೆ ಕಲಿಸಿಯಾರು. ಅವರಿಗೆ ಸಿಗದೇ ಹೋದದ್ದು ಬೇರೆ: ತನ್ನ ಗಂಟೆಗೆ ಎಷ್ಟು ಬೆಲೆ, ಯಾವ ಅಳತೆಗೆ ಎಷ್ಟು ಹೇಳಬೇಕು, ಪೇಟೆಯ ಗಿರಾಕಿ ಯಾವ ಬಣ್ಣ ಕೇಳುತ್ತಾನೆ, ಮನೆ ಬಾಗಿಲಿಗೆ ಬಂದವನನ್ನು ಬಿಟ್ಟು ಬೇರೆ ಯಾರಿಗೆ ಮಾರಬಹುದು ಎಂಬ ತಿಳಿವಳಿಕೆ. ನಮ್ಮಲ್ಲಿ ತರಬೇತಿ ಅಂದರೆ ಏನೂ ಬಾರದವರಿಗೆ ಕಲಿಸುವುದು ಎಂದೇ ಅರ್ಥ. ಬಲ್ಲವರನ್ನು ಇನ್ನೊಂದು ಮೆಟ್ಟಿಲು ಹತ್ತಿಸುವುದಕ್ಕೆ ನಮ್ಮಲ್ಲಿ ಹೆಸರೂ ಇಲ್ಲ, ಬಜೆಟ್ಟೂ ಇಲ್ಲ.

ಹಾಗಂತ ಆ ಸೀಮೆ ಬಡ ಸೀಮೆಯಲ್ಲ, ಕಲೆಯ ಮಟ್ಟಿಗಂತೂ ಅಲ್ಲವೇ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಈಗ 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿವೆ. ಹೂವಿನಹಡಗಲಿಯಂಥ ಸಣ್ಣ ಊರಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿ ನಾಟಕ ಬೆಳೆಸಿದರು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರ ಹೆಸರು ಎಲ್ಲರೂ ಕೇಳಿದ್ದೀರಿ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅವರು ಕಲಿತದ್ದು ಯಾವುದೇ ಹತ್ತು ದಿನದ ಶಿಬಿರದಲ್ಲಲ್ಲ, ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಜೊತೆ ಊರೂರು ತಿರುಗಿ. ಕಾಳವ್ವನ ನಂತರ ತಂಡ ನಡೆಸುವ ಹೊಣೆ ಮಂಜಮ್ಮನ ಹೆಗಲಿಗೆ ಬಂತು. ಹೀಗೆ ವರ್ಷಗಟ್ಟಲೆ ಬೆನ್ನಿಗೆ ಒಬ್ಬರು ಇದ್ದರೆ ಕುಣಿತ ಮಾತ್ರವಲ್ಲ, ಬದುಕುವ ದಾರಿಯೂ ಕೈಗೆ ಬರುತ್ತದೆ.

ಇನ್ನೊಂದು ಉದಾಹರಣೆ ಕೂಡ್ಲಿಗಿಯ ಪಕ್ಕದಲ್ಲೇ ಇದೆ, ಸಂಡೂರು. ಈ ಕಡೆಯ ತಾಂಡಾಗಳ ಲಂಬಾಣಿ ಹೆಂಗಸರು ಕನ್ನಡಿ, ಕವಡೆ ಇಟ್ಟು ಹೊಲಿಯುವ ಕಸೂತಿ ಹೊಸದೇನಲ್ಲ. ಆದರೆ ಸಂಡೂರು ಕುಶಲ ಕಲಾ ಕೇಂದ್ರ ಆ ಹೆಂಗಸರನ್ನು ಒಟ್ಟಿಗೆ ಕೂರಿಸಿತು. ತಾವು ಉಡುವ ಲಂಗ, ಕುಪ್ಪಸದ ಹೊಲಿಗೆಯನ್ನೇ ಪೇಟೆಯವರು ಕೊಳ್ಳುವ ಚೀಲ, ದಿಂಬಿನ ಕವರು, ಅಂಗಿಗಳ ಮೇಲೆ ಹಾಕುವುದು ಬಂತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆ ಒಂದು ದಿನದ ಸುದ್ದಿ, ಬಿಡಿ. ಅದರ ಹಿಂದೆ ಎಷ್ಟೋ ವರ್ಷ ಒಂದೇ ಕೇಂದ್ರ ಅದೇ ಹೆಂಗಸರ ಜೊತೆ ನಿಂತದ್ದು ನಮಗೆ ಮುಖ್ಯ. ಅದೇ ಸೂಜಿ, ಅದೇ ದಾರ ಹಿಡಿದ ಬೇರೆ ತಾಲೂಕಿನ ತಾಂಡಾದ ಹೆಂಗಸಿಗೆ ಇಂಥ ಆಸರೆ ಇಲ್ಲದಿದ್ದರೆ ಅವಳ ಗತಿಯೂ ನಮ್ಮ ಕೌದಿ ಅಜ್ಜಿಯದ್ದೇ.

ಸರಕಾರದ ಕಡೆಯಿಂದ ಇಲ್ಲವೇ ಅಂದರೆ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಈಗಾಗಲೇ ಕೆಲಸ ಬಲ್ಲವರಿಗಾಗಿಯೇ ಇರುವುದು. ಐದಾರು ದಿನದ ಮೂಲ ತರಬೇತಿ, ಬೇಕಾದವರಿಗೆ ಹದಿನೈದು ದಿನದ ಮುಂದಿನ ತರಬೇತಿ, ಆ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಉಪಕರಣಕ್ಕೆ 15,000. ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ ಸಾಲವೂ ಉಂಟು, ಶೇ. 5 ಬಡ್ಡಿಗೆ. ಬಡ್ಡಿ ಅಂದ ಕೂಡಲೇ ನಮ್ಮ ಅನೇಕ ಮನೆಗಳು ಅರ್ಜಿಯನ್ನೇ ಮಡಚಿ ಇಡುತ್ತವೆ. ಆದರೆ ಸಾಲ ತೆಗೆಯಲೇಬೇಕೆಂದಿಲ್ಲ, ತರಬೇತಿ ಮತ್ತು ಉಪಕರಣವನ್ನಷ್ಟೇ ಪಡೆಯಬಹುದು.

ಯೋಜನೆಯ ಪಟ್ಟಿಯಲ್ಲಿರುವುದು 18 ಕಸುಬು. ದರ್ಜಿ ಇದ್ದಾರೆ, ದೋಣಿ ಕಟ್ಟುವವರು, ಮೀನಿನ ಬಲೆ ಹೆಣೆಯುವವರು, ಚಾಪೆ ಹೆಣೆಯುವವರು ಇದ್ದಾರೆ. ಹೂಮಾಲೆ ಕಟ್ಟುವವರೂ ಇದ್ದಾರೆ, ಹಾಗಾಗಿ ಹಡಗಲಿಯ ಮಲ್ಲಿಗೆ ಕಟ್ಟುವ ಕೈಗೆ ಅಲ್ಲೊಂದು ಜಾಗ ಉಂಟು. ಕೌದಿಯವರು, ಕಸೂತಿಯವರು, ಕಂಬಳಿ ನೇಯುವವರು ಆ ಪಟ್ಟಿಯಲ್ಲಿಲ್ಲ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ, ನದಾಫ್ ಮನೆಗಳು ಆ ಕಡೆ ಬೇಕಾದಷ್ಟಿವೆ, ಅವರ ಕಸುಬಿನ ಹೆಸರೂ ಇಲ್ಲ. ಹಾಡುವವರು, ಕುಣಿಯುವವರ ಮಾತಂತೂ ಅಲ್ಲಿ ಏಳುವುದೇ ಇಲ್ಲ. ಪಟ್ಟಿ ಮಾಡಿದವರು ಕೊಟ್ಟೂರಿನ ಕಟ್ಟೆಯಲ್ಲಿ ಒಂದು ಗಂಟೆ ಕೂತಿದ್ದರೆ ಚೆನ್ನಾಗಿತ್ತು.

ಇಷ್ಟು ಹೇಳಿ ಸರಕಾರವನ್ನು ಬೈದು ಮುಗಿಸುವುದು ಸುಲಭ. ನಮ್ಮ ಅಂಗಳದ ಮಾತಿಗೆ ಬರೋಣ. ವರ್ಷವೂ ನಮ್ಮ ಜಮಾಅತ್‌ಗಳು, ಸಂಘಟನೆಗಳು ಹೊಲಿಗೆ ಯಂತ್ರ ವಿತರಣೆ ಮಾಡುತ್ತವೆ. ವೇದಿಕೆ, ಫೋಟೊ, ಪತ್ರಿಕೆಯಲ್ಲಿ ಸುದ್ದಿ. ಒಳ್ಳೆಯ ಕೆಲಸ, ಕೊಟ್ಟವರಿಗೆ ಪುಣ್ಯ ಸಿಗಲಿ. ಆದರೆ ಎರಡು ವರ್ಷ ಬಿಟ್ಟು ಆ ಮನೆಗೆ ಹೋಗಿ ನೋಡಿದ್ದೇವೆಯೇ? ನಾವು ಕಂಡ ಕೆಲವು ಮನೆಗಳಲ್ಲಿ ಯಂತ್ರದ ಮೇಲೆ ಮಕ್ಕಳ ಶಾಲೆ ಚೀಲ ಕೂತಿದೆ. ನಡೆಯುತ್ತಿರುವ ಕಡೆಯೂ ಅಕ್ಕಪಕ್ಕದವರ ಚೂಡಿದಾರಿಗೆ "ನೀವೇ ನೋಡಿ ಕೊಡಿ" ಎಂಬ ರೇಟು. ಅಜ್ಜಿಯ ಮಾತು ಬ್ಯಾರಿ ಮನೆಯಲ್ಲೂ ಕೇಳುತ್ತದೆ! ಬೀಡಿ ಕೆಲಸ ಕಡಿಮೆಯಾಗುತ್ತಾ ಬಂದ ಮನೆಯಲ್ಲಿ ಉಮ್ಮನಿಗೂ ಮಗಳಿಗೂ ಆ ಯಂತ್ರವೇ ಆಧಾರ ಆಗಬೇಕಿತ್ತು. ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುವ ಹುಡುಗಿಯರದ್ದೂ ಇದೇ ಕಥೆ. ರಾತ್ರಿ ಎರಡರವರೆಗೆ ಬಗ್ಗಿ ಕೂತು ಕೈ ತುಂಬ ಬಿಡಿಸುತ್ತಾರೆ, ದುಡ್ಡಿನ ಮಾತು ಬಂದರೆ "ಮನೆಯವರಲ್ವಾ" ಎಂದು ನಾವೇ ಅವರ ಬಾಯಿ ಮುಚ್ಚಿಸುತ್ತೇವೆ. ದಫ್ ತಂಡದ ಹುಡುಗರಿಗೆ ಊಟ ಹಾಕಿ ಶಾಲು ಹೊದಿಸಿದರೆ ಮುಗಿಯಿತು.

ನಮ್ಮದೊಂದು ಸಲಹೆ. ಈ ಸಲ 25 ಯಂತ್ರ ಕೊಡಲು ಹೊರಟವರು 15 ಕೊಡಿ. ಉಳಿದ ಹತ್ತರ ಹಣವನ್ನು ಆ 15 ಮನೆಗಳ ಮೇಲೆಯೇ ಎರಡು ವರ್ಷ ಖರ್ಚು ಮಾಡಿ. ತಿಂಗಳಿಗೊಂದು ದಿನ ಮದ್ರಸದ ಹಾಲ್‌ನಲ್ಲಿ ಎಲ್ಲರೂ ಸೇರಲಿ. ಪೇಟೆಯಲ್ಲಿ ಹೆಸರು ಮಾಡಿದ ಟೈಲರ್ ಒಬ್ಬರಿಗೆ ಸರಿಯಾದ ಸಂಭಾವನೆ ಕೊಟ್ಟು ಕರೆಸಿ. ಹೊಸ ಮಾದರಿಯ ಕಟಿಂಗ್ ತೋರಿಸಲಿ, ಹೊಲಿದದ್ದರ ತಪ್ಪು ತಿದ್ದಲಿ. ಬಟ್ಟೆ ಎಷ್ಟು, ನೂಲು ಎಷ್ಟು, ಕರೆಂಟು ಎಷ್ಟು, ಕೂತ ಗಂಟೆ ಎಷ್ಟು ಅಂತ ಪ್ರತಿಯೊಬ್ಬರೂ ಒಂದು ಪುಸ್ತಕ ಇಡಲಿ. ಮೊಬೈಲಿನಲ್ಲಿ ಬಟ್ಟೆಯ ಫೋಟೊ ತೆಗೆಯಲು, ಆರ್ಡರ್ ಹಿಡಿಯಲು ಕಾಲೇಜಿಗೆ ಹೋಗುವ ಮಕ್ಕಳು ಕಲಿಸಿಯಾರು. ವಿಶ್ವಕರ್ಮ ಅರ್ಜಿಯನ್ನು ಅಲ್ಲೇ ಕೂತು ತುಂಬಿಸಬಹುದು. ಫೋಟೊಕ್ಕೆ ನಿಲ್ಲಲು ಹತ್ತು ಯಂತ್ರ ಕಡಿಮೆ ಆಗುತ್ತದೆ, ಅಷ್ಟೇ.

ಕೌದಿ ನಮ್ಮ ಮನೆಗೆ ಬಂತು. ಉಮ್ಮ ಅದನ್ನು ಚಾಪೆಯ ಮೇಲೆ ಹಾಸಿ, ಕನ್ನಡಕ ಏರಿಸಿ, ತುಂಬಾ ಹೊತ್ತು ಹೊಲಿಗೆಯ ಮೇಲೆ ಬೆರಳಾಡಿಸಿದರು. ಅವರೂ ಒಂದು ಕಾಲದಲ್ಲಿ ಸೂಜಿ ಹಿಡಿದವರೇ. "ಎಷ್ಟು ಕೊಟ್ರಿ?" ಅಂತ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.