ಕರಾರು ಮುರಿದಾಗ ರೈತನಿಗೆ ಇರುವ ದಾರಿ

ಕರಾವಳಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬರುವ ರಾಯಚೂರು ಕಡೆಯ ಕಾರ್ಮಿಕರನ್ನು ನಾವೆಲ್ಲ ಬಲ್ಲೆವು. ಅವರು ಊರು ಬಿಡಲು ಮಳೆಯೊಂದೇ ಕಾರಣವಲ್ಲ. ಬೆಳೆದ ಬೆಳೆಗೆ ಒಪ್ಪಿದ ದರ ಕೈಸೇರದಿರುವುದೂ ಒಂದು ಕಾರಣ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನಲ್ಲಿ ಕೊಳ್ಳುವವನು ಮಾತು ತಪ್ಪಿದರೆ ರೈತ ಯಾರ ಬಳಿ ಹೋಗಬೇಕು?

ಇದೇ ಜಿಲ್ಲೆಯ ಸಿಂಧನೂರಿನಲ್ಲಿ 2021ರ ಜನವರಿಯಲ್ಲಿ ಆದ ಒಪ್ಪಂದವೊಂದು ದೇಶದ ಗಮನ ಸೆಳೆಯಿತು. ರಿಲಯನ್ಸ್ ರಿಟೇಲ್ ಸಂಸ್ಥೆಯು ಸ್ವಾಸ್ಥ್ಯ ರೈತ ಉತ್ಪಾದಕ ಕಂಪನಿಯ ಮೂಲಕ 1,000 ಕ್ವಿಂಟಲ್ ಸೋನಾ ಮಸೂರಿ ಭತ್ತ ಕೊಳ್ಳಲು ಮುಂದಾಯಿತು. ದರ ಕ್ವಿಂಟಲ್‌ಗೆ 1,950 ರೂಪಾಯಿ, ಅಂದರೆ ಆಗಿನ ಬೆಂಬಲ ಬೆಲೆ 1,868ಕ್ಕಿಂತ 82 ರೂಪಾಯಿ ಹೆಚ್ಚು. ತೇವಾಂಶ ಶೇಕಡಾ 16ರೊಳಗೆ ಇರಬೇಕೆಂಬ ಷರತ್ತೂ ಇತ್ತು. ಅದೇ ಹೊತ್ತಿನಲ್ಲಿ ದೆಹಲಿಯ ಗಡಿಯಲ್ಲಿ ರೈತರು ಕೃಷಿ ಕಾಯ್ದೆಗಳ ವಿರುದ್ಧ ಕುಳಿತಿದ್ದರು. 2020ರ ಕೇಂದ್ರದ ಕೃಷಿ ಒಪ್ಪಂದ ಕಾಯ್ದೆಯು ಇಂಥ ತಕರಾರುಗಳನ್ನು ಉಪವಿಭಾಗಾಧಿಕಾರಿಗೆ ಒಪ್ಪಿಸಿ, ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. 2021ರ ಕೊನೆಯಲ್ಲಿ ಆ ಕಾಯ್ದೆ ರದ್ದಾಯಿತು. ಈಗ ರೈತನಿಗೆ ಮುಖ್ಯ ಆಸರೆ 1872ರ ಹಳೆಯ ಕರಾರು ಕಾಯ್ದೆಯೇ.

ಅದರ 73ನೇ ಕಲಮು ಹೇಳುವುದು ಸರಳ: ಕರಾರು ಮುರಿದವನು ಅದರಿಂದ ಸಹಜವಾಗಿ ಆದ ನಷ್ಟವನ್ನು ತುಂಬಿಕೊಡಬೇಕು. ಒಬ್ಬ ರೈತ 100 ಕ್ವಿಂಟಲ್ ಭತ್ತವನ್ನು 1,950ರಂತೆ ಕೊಡಲು ಒಪ್ಪಿದ್ದಾನೆ ಎಂದುಕೊಳ್ಳೋಣ. ಸುಗ್ಗಿಯಲ್ಲಿ ದರ ಕುಸಿದು ವ್ಯಾಪಾರಿ ಬೇಡವೆಂದರೆ, ರೈತ ಅದನ್ನು ಬೇರೆಡೆ 1,700ಕ್ಕೆ ಮಾರಿ, ವ್ಯತ್ಯಾಸವಾದ 25,000 ರೂಪಾಯಿಯನ್ನೂ ಹೆಚ್ಚಿನ ಸಾಗಣೆ ಖರ್ಚನ್ನೂ ಕೇಳಬಹುದು. ಭತ್ತವನ್ನು ಅಂಗಳದಲ್ಲಿ ಕೊಳೆಯಲು ಬಿಟ್ಟು ಪೂರ್ತಿ ಬೆಲೆ ಕೇಳಿದರೆ ನ್ಯಾಯಾಲಯ ಒಪ್ಪದು. ನಷ್ಟ ತಗ್ಗಿಸುವ ಪ್ರಯತ್ನ ರೈತನದೂ ಹೌದು. ಈ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ. ದರ ಏರಿತೆಂದು ರೈತ ಬೇರೆಯವರಿಗೆ ಮಾರಿದರೆ ಅವನೂ ನಷ್ಟ ಕೊಡಬೇಕಾಗುತ್ತದೆ.

ಬೀಜವನ್ನು ಕಂಪನಿಯಿಂದಲೇ ಹಣ ಕೊಟ್ಟು ಕೊಂಡು, ಬೆಳೆಯನ್ನು ಅದಕ್ಕೇ ಮರಳಿ ಮಾರುವ ಕರಾರಾಗಿದ್ದರೆ ಇನ್ನೊಂದು ದಾರಿಯಿದೆ. ಬಿಳಿ ಮುಸ್ಲಿ ಬೆಳೆದ ರೈತ ಮಹಿಳೆಯೊಬ್ಬರು ನಂದನ್ ಬಯೋಮ್ಯಾಟ್ರಿಕ್ಸ್ ಕಂಪನಿಯ ವಿರುದ್ಧ ನಡೆಸಿದ ಪ್ರಕರಣದಲ್ಲಿ, ಅಂಥ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. ಅಂಥವರು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

ನಮ್ಮ ಜನ ಇಂಥ ಸಂದರ್ಭದಲ್ಲಿ ಮೊದಲು ಓಡುವುದು ಪೊಲೀಸ್ ಠಾಣೆಗೆ. ಆದರೆ ಮಾತು ತಪ್ಪಿದ್ದೆಲ್ಲ ವಂಚನೆಯ ಅಪರಾಧವಾಗದು. ಮೋಸದ ಉದ್ದೇಶ ಮೊದಲೇ ಇತ್ತೆಂದು ತೋರಿಸಬೇಕು. ಠಾಣೆಗೆ ಅಲೆಯುತ್ತಾ ಸಿವಿಲ್ ದಾವೆಯ ಮೂರು ವರ್ಷದ ಗಡುವು ಕಳೆದುಹೋದರೆ ಕೈಯಲ್ಲಿ ಏನೂ ಉಳಿಯದು. ಕೊಟ್ಟ ಚೆಕ್ಕು ಮರಳಿ ಬಂದರೆ ಗಡುವು ಇನ್ನೂ ಚಿಕ್ಕದು. ಬ್ಯಾಂಕಿನ ಚೀಟಿ ಕೈಸೇರಿದ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿ 15 ದಿನವಾದರೂ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು.

ಬಾಯಿಮಾತಿನ ಕರಾರಿಗೂ ಕಾನೂನಿನ ಮಾನ್ಯತೆಯಿದೆ. ಕಷ್ಟವಿರುವುದು ಅದನ್ನು ರುಜುವಾತು ಮಾಡುವುದರಲ್ಲಿ. ದಲಾಲಿ ಅಂಗಡಿಯ ಮುಂಗಡಕ್ಕೆ ಕಟ್ಟುಬಿದ್ದ ರೈತ ಕಾಗದ ಕೇಳಲು ಅಂಜುತ್ತಾನೆ, ಮರುವರ್ಷವೂ ಸಾಲಕ್ಕೆ ಅದೇ ಅಂಗಡಿಗೆ ಹೋಗಬೇಕಲ್ಲ! ಕಾನೂನು ದುರ್ಬಲವಾಗುವುದು ಇಲ್ಲಿಯೇ. ಒಬ್ಬ ಕೇಳಲಾರದ ಕಾಗದವನ್ನು ಸಂಘ ಕೇಳಬಹುದು.

ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು, ಸ್ವಸಹಾಯ ಗುಂಪುಗಳು ಇಲ್ಲಿ ನೆರವಾಗಬಲ್ಲರು. ದರ, ತೂಕ, ತೇವಾಂಶ, ಹಣ ಕೊಡುವ ದಿನ, ಇವಿಷ್ಟನ್ನು ಕನ್ನಡದಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ; ತೂಕದ ಚೀಟಿ ಜೋಪಾನವಾಗಿಡಲು ಹೇಳಿ. ತಕರಾರು ಬಂದರೆ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಅಂತಿಮ, ಮೇಲ್ಮನವಿಯ ಅಲೆದಾಟವಿಲ್ಲ. ಈ ಮಾತು ಹಿರೇಕೊಟ್ನೆಕಲ್‌ನ ರೈತನಿಗೆ ಎಷ್ಟು ಸಲ್ಲುತ್ತದೆಯೋ, ನಮ್ಮ ಮನೆ ಕಟ್ಟಲು ಬಂದ ಕಾರ್ಮಿಕನ ಕೂಲಿಯ ಮಾತಿಗೂ ಅಷ್ಟೇ ಸಲ್ಲುತ್ತದೆ. ಅಲ್ಲಿ ಮಾತು ಕೊಟ್ಟವರು ನಾವೇ.