ಧ್ವನಿಭೇದ: ಕೇಶಿರಾಜನ ಕಹಳೆಯಿಂದ ದೊಡ್ಡಬಳ್ಳಾಪುರದ ಮಗ್ಗದವರೆಗೆ

13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ಕಹಳೆಗೆ ಹೋಲಿಸಿದ್ದಾನೆ. ಜೀವದ ಇಚ್ಛೆಯಿಂದ, ಅನುಕೂಲ ವಾಯುವಿನ ನೆರವಿನಿಂದ, ನಾಭಿಯ ಬುಡದಲ್ಲಿ ಶಬ್ದದ್ರವ್ಯವು ಜನಿಸುತ್ತದೆ. ಅದರ ಬಣ್ಣ ಬಿಳಿದು ಎಂಬುದು ಅವನ ಮತ. ಶಬ್ದಕ್ಕೆಲ್ಲಿಯ ಬಣ್ಣವೆಂದು ನಗುವವರು ಒಂದು ಮಾತನ್ನು ನೆನೆಯಬೇಕು. ವೈಶೇಷಿಕರಿಗೆ ಶಬ್ದವು ಆಕಾಶದ ಗುಣ; ಜೈನರಿಗೆ ಅದು ಪುದ್ಗಲದ ಪರ್ಯಾಯ. ಪುದ್ಗಲವೆಂದ ಮೇಲೆ ವರ್ಣವಿರಲೇಬೇಕಲ್ಲ!

ನಾಭಿಮೂಲದ ಮಾತನ್ನು ಇಂದಿನ ಶರೀರಶಾಸ್ತ್ರ ಒಪ್ಪದು. ಕಹಳೆಯ ಹೋಲಿಕೆ ಮಾತ್ರ ಈಗಲೂ ನಿಲ್ಲುತ್ತದೆ. ಶ್ವಾಸಕೋಶದಿಂದ ಬಂದ ಉಸಿರಿಗೆ ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಆ ನಾದಕ್ಕೆ ಗಂಟಲು, ಬಾಯಿ, ಮೂಗುಗಳ ಪೊಳ್ಳು ತನ್ನ ಆಕಾರಕ್ಕೆ ತಕ್ಕ ರೂಪವನ್ನು ಕೊಡುತ್ತದೆ. ರಕ್ತಸಂಬಂಧಿಗಳಲ್ಲಿ ಈ ಅಂಗಗಳ ಅಳತೆ ಹತ್ತಿರವಿರುವುದರಿಂದ ದನಿಯೂ ಹತ್ತಿರವಾಗುತ್ತದೆ. ಹಳೆಯ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿದ್ದುದರಿಂದ ಸೂಕ್ಷ್ಮ ಭೇದಗಳು ಅಳಿದು, ಮಗನ ‘ಹಲೋ’ ತಂದೆಯದಾಗಿ ಕೇಳುತ್ತಿತ್ತು.

ಆದರೆ ದನಿಗಳನ್ನು ಒಂದಾಗಿಸುವುದು ರಕ್ತವೊಂದೇ ಅಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದುನೋಡಿ. ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ಮೆಲುದನಿಗೆ ಎಡೆಯಿಲ್ಲ. ಸದ್ದು ಹೆಚ್ಚಿದಂತೆ ಮನುಷ್ಯನು ತನಗರಿಯದೆಯೇ ದನಿಯೇರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲಿ ತೋರಿಸಿಕೊಟ್ಟನು. ದಿನವಿಡೀ ಹಾಗೆ ಮಾತಾಡಿದವರ ಕೊರಳು ಮಗ್ಗ ನಿಂತ ಮೇಲೂ ಬೇಗನೆ ಇಳಿಯದು. ಇದರೊಡನೆ ಮನೆಮಾತು ತೆಲುಗಾದವರ ಕನ್ನಡದಲ್ಲಿ ತೆಲುಗಿನ ಎಳೆತವೂ ಸೇರುತ್ತದೆ. ಹೀಗೆ ಒಂದು ಬೀದಿಯ ಮಕ್ಕಳೆಲ್ಲ, ಕೊರಳು ಬೇರೆಯಾದರೂ, ಒಂದೇ ರಾಗದಲ್ಲಿ ಮಾತಾಡುತ್ತಾರೆ.

ಆ ಮಗು ಬೆಂಗಳೂರಿನ ವೇದಿಕೆಯೇರಿದಾಗ ‘ದನಿ ಒರಟು’ ಎಂಬ ತೀರ್ಪು ಸಿಗುತ್ತದೆ. ಒರಟು ಎಂದವರ ಮನಸ್ಸಿನಲ್ಲಿ ‘ದಡ್ಡ’ ಎಂಬುದೂ ಅಡಗಿರುತ್ತದೆ; ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಜೈನ ಕರ್ಮಸಿದ್ಧಾಂತವು ಇಲ್ಲಿ ಬಹಳ ಸ್ಪಷ್ಟವಾಗಿದೆ. ಸುಸ್ವರ, ದುಃಸ್ವರಗಳು ನಾಮಕರ್ಮದ ಪ್ರಕೃತಿಗಳು. ದೇಹವನ್ನು ಕಟ್ಟಿಕೊಡುವುದು ಆ ಕರ್ಮದ ಕೆಲಸ. ಅರಿವನ್ನು ಮರೆಮಾಡುವ ಜ್ಞಾನಾವರಣೀಯ ಬೇರೆಯೇ ಕರ್ಮ. ಒಂದರ ಲೆಕ್ಕವನ್ನು ಇನ್ನೊಂದರ ಖಾತೆಗೆ ಬರೆಯಲು ಶಾಸ್ತ್ರದಲ್ಲಿ ಅವಕಾಶವಿಲ್ಲ. ಇನ್ನು ಬೀದಿಯಿಂದ ಬಂದ ಏರುದನಿಯಂತೂ ಹುಟ್ಟಿನದೂ ಅಲ್ಲ, ದುಡಿಮೆಯ ಗುರುತು.

ಉಚ್ಚಾರಣೆಯ ಮಾತು ಬೇರೆ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಕಲಿಸಬಹುದು, ತಿದ್ದಬಹುದು. ಅದಕ್ಕೆ ಅಂಕ ಕೊಡುವುದು ಯುಕ್ತ. ಕೊರಳಿಗೆ ಅಂಕ ಕೊಡುವ ಭಾಷಣಸ್ಪರ್ಧೆಗಳು ಆ ಕಾಲಮ್ಮನ್ನು ಅಳಿಸಿಹಾಕಿ, ಮಗು ಏನು ಹೇಳಿತೆಂಬುದರ ಕಡೆಗೆ ಕಿವಿಗೊಡಲಿ.