ಗಾಳದ ದೋಣಿಗೂ ಕಬ್ಬಿನ ಗದ್ದೆಗೂ ಏನು ಸಂಬಂಧ?

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಮಾಲೆಯಂತೆ ಹರಡಿಕೊಂಡಿರುವ ಕೀಸ್ ದ್ವೀಪಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾಡಿಗೆ ದೋಣಿಗಳಿಗೆ ಬಿಡುವಿಲ್ಲ. ಉತ್ತರದ ರಾಜ್ಯಗಳು ಹಿಮದಲ್ಲಿ ಹೂತಿರುವಾಗ ಅಲ್ಲಿನ ಉಳ್ಳವರು ಈ ಬೆಚ್ಚನೆಯ ಕಡಲಿಗೆ ಬಂದು, ಚಾಲಕನೂ ಸಹಾಯಕನೂ ಇರುವ ದೋಣಿಯೊಂದನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು ಆಳ ನೀರಿಗೆ ಗಾಳ ಹಾಕಲು ಹೊರಡುತ್ತಾರೆ. ಅವರಲ್ಲಿ ಅನೇಕರ ಕಣ್ಣು ಸೇಲ್‌ಫಿಶ್ ಮೇಲೆ. ಈಟಿಯಂತಹ ಮೂತಿಯೂ ಬೆನ್ನ ಮೇಲೆ ಹಾಯಿಯಂತೆ ಬಿಚ್ಚಿಕೊಳ್ಳುವ ರೆಕ್ಕೆಯೂ ಇರುವ ಈ ಮೀನು 1975ರಿಂದ ಫ್ಲಾರಿಡಾದ ರಾಜ್ಯ ಕಡಲಮೀನು.

ಚಳಿಗಾಲವೇ ಏಕೆ? ಉತ್ತರದ ತಂಪು ಗಾಳಿ ಬೀಸತೊಡಗಿದೊಡನೆ ಈ ಮೀನುಗಳು ಕರಾವಳಿಯಗುಂಟ ದಕ್ಷಿಣಕ್ಕೆ ಸರಿಯುತ್ತವೆ. ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಮಹಾಪ್ರವಾಹ ಇಲ್ಲಿ ಹವಳದ ದಿಬ್ಬಗಳ ಹೊರಬದಿಯಲ್ಲಿಯೇ ಸಾಗುತ್ತದೆ. ಗಾಳಿಯೂ ಪ್ರವಾಹವೂ ಎದುರುಬದುರಾದಾಗ ಏಳುವ ಅಲೆಗಳ ಇಳಿಜಾರಿನಲ್ಲಿ ಮೀನು ಜಾರುತ್ತ ಹೋಗುವುದು ದೋಣಿಗೆ ಕಾಣುತ್ತದೆ. ಗಾಳಿಪಟ ಹಾರಿಸಿ, ಅದರ ದಾರಕ್ಕೆ ಗಾಳದ ದಾರವನ್ನು ಸಿಕ್ಕಿಸಿ, ಜೀವಂತ ಸಣ್ಣಮೀನನ್ನು ನೀರಿನ ಮೇಲ್ಮೈಯಲ್ಲಿ ಕುಣಿಸುವುದು ಅಲ್ಲಿಯ ಪದ್ಧತಿ.

ಹಿಡಿದ ಸೇಲ್‌ಫಿಶ್‌ಗಳನ್ನು ಬಹುಪಾಲು ಮರಳಿ ಬಿಡಲಾಗುತ್ತದೆ. ಅಟ್ಲಾಂಟಿಕ್‌ನ ಈ ಮೀನನ್ನು ಅಲ್ಲಿ ಮಾರುವಂತೆಯೇ ಇಲ್ಲ. ಬಿಡುವ ಮೀನನ್ನು ನೀರಿನಿಂದ ಮೇಲೆತ್ತಬಾರದೆಂಬ ನಿಯಮವಿದೆ. ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆ ಬಳಸುವವರು ಹೆಚ್ಚಾಗಿ ಹೊಟ್ಟೆಗಿಳಿಯದೆ ದವಡೆಯ ಅಂಚಿಗೆ ಸಿಕ್ಕುವ ದುಂಡು ಗಾಳವನ್ನೇ ಬಳಸಬೇಕೆಂಬುದು 2008ರಿಂದ ಜಾರಿಯಲ್ಲಿದೆ. ಮೋಜಿಗಾಗಿ ಮೀನನ್ನು ದಣಿಸಿ ಬಿಡುವುದು ಎಂತಹ ಕರುಣೆ ಎಂದು ಕೇಳಬಹುದು, ಕೇಳಲೇಬೇಕು. ಆದರೆ ಆ ಕಡಲಿಗೆ ದೊಡ್ಡ ಪೆಟ್ಟು ಬಿದ್ದದ್ದು ಗಾಳದಿಂದಲ್ಲ, ದೂರದ ಹೊಲಗದ್ದೆಗಳಿಂದ.

ಈ ದೋಣಿಗಳು ಸೇಲ್‌ಫಿಶ್ ಒಂದನ್ನೇ ನಂಬಿಕೊಂಡಿಲ್ಲ. ಸ್ನ್ಯಾಪರ್‌ನಂತಹ ಮೀನುಗಳ ಮರಿಗಳು, ಸೀಗಡಿಯ ಮರಿಗಳು ಬೆಳೆಯುವುದು ದ್ವೀಪಗಳ ಹಿಂಬದಿಯ ಫ್ಲಾರಿಡಾ ಕೊಲ್ಲಿಯ ಕಡಲಹುಲ್ಲಿನಲ್ಲಿ, ಕಾಂಡ್ಲಾ ಬೇರುಗಳ ನಡುವೆ. ಆ ಕೊಲ್ಲಿಗೆ ಸಿಹಿನೀರು ಬರುತ್ತಿದ್ದುದು ಓಕೀಚೋಬಿ ಸರೋವರದಿಂದ ಎವರ್‌ಗ್ಲೇಡ್ಸ್ ಜೌಗುಭೂಮಿಯ ಮೂಲಕ ನಿಧಾನವಾಗಿ ಹರಿದು. ಸರೋವರದ ಕೆಳಗಿನ ಸುಮಾರು 7 ಲಕ್ಷ ಎಕರೆ ಜೌಗನ್ನು ಬಸಿದು ಕೃಷಿಭೂಮಿ ಮಾಡಲಾಯಿತು. ಅದರಲ್ಲಿ ಇಂದು ಬಹುಪಾಲು ಕಬ್ಬು. ನೀರನ್ನು ಕಾಲುವೆಗಳಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಹೊರಳಿಸಲಾಯಿತು. ಮಣ್ಣಿನ ಕಥೆಯೂ ಇಲ್ಲಿದೆ: ಬೆಲ್ ಗ್ಲೇಡ್ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ 9 ಅಡಿಯ ಕಾಂಕ್ರೀಟ್ ಕಂಬವೊಂದನ್ನು ತಳದ ಬಂಡೆಯವರೆಗೆ ಇಳಿಸಿ, ಅದರ ತಲೆ ನೆಲಮಟ್ಟಕ್ಕೆ ಬರುವಂತೆ ನಿಲ್ಲಿಸಿದ್ದರು. ಈಗ ಅದು ಸುಮಾರು 6 ಅಡಿ ಹೊರಗಿದೆ. ಬಸಿದ ಕಪ್ಪು ಮಣ್ಣು ಗಾಳಿಗೆ ತೆರೆದುಕೊಂಡು ಕರಗಿಹೋಗಿದೆ.

ಸಿಹಿನೀರು ತಪ್ಪಿದ ಕೊಲ್ಲಿ ಬರದ ವರ್ಷಗಳಲ್ಲಿ ಸಮುದ್ರಕ್ಕಿಂತ ಉಪ್ಪಾಗುತ್ತದೆ. 1987ರಲ್ಲಿ ಕಡಲಹುಲ್ಲು ರಾಶಿರಾಶಿಯಾಗಿ ಸತ್ತಿತು; ಬಳಿಕ ಪಾಚಿ ಹಬ್ಬಿ ತಿಳಿನೀರು ರಾಡಿಯಾಯಿತು. 2015ರ ಬರದಲ್ಲಿ ಮತ್ತೆ ಸುಮಾರು 40 ಸಾವಿರ ಎಕರೆಯ ಹುಲ್ಲು ನಾಶವಾಯಿತು. ಮರುವರ್ಷವೇ ಮೀನುದೋಣಿಗಳ ಚಾಲಕರು 'ಕ್ಯಾಪ್ಟನ್ಸ್ ಫಾರ್ ಕ್ಲೀನ್ ವಾಟರ್' ಎಂಬ ಸಂಘಟನೆ ಕಟ್ಟಿದರು. ಅವರ ಬೇಡಿಕೆ ಮೀನಿಗೆ ಸಂಬಂಧಿಸಿದ್ದಲ್ಲ, ನೀರಿಗೆ ಸಂಬಂಧಿಸಿದ್ದು: ನೀರನ್ನು ದಕ್ಷಿಣಕ್ಕೆ, ಅದರ ಹಳೆಯ ದಾರಿಯಲ್ಲಿ, ಶುದ್ಧಗೊಳಿಸಿ ಬಿಡಿ. ಎವರ್‌ಗ್ಲೇಡ್ಸ್ ಪುನಶ್ಚೇತನ ಯೋಜನೆಗೆ ಅಮೆರಿಕದ ಸಂಸತ್ತು 2000ದಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ಇನ್ನೂ ಮುಗಿದಿಲ್ಲ. ಕೆಡಿಸಲು ಹಿಡಿದ ಕಾಲಕ್ಕಿಂತ ಸರಿಪಡಿಸಲು ಹಿಡಿಯುವ ಕಾಲ ಕಡಿಮೆಯಾಗುವ ಲಕ್ಷಣವಿಲ್ಲ.

ಮಲೆನಾಡಿನ ಓದುಗರಿಗೆ ಈ ಕಥೆ ದೂರದ್ದೆನಿಸಬಾರದು. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು 'ಸಮುದ್ರ ಸೇರಿ ವ್ಯರ್ಥವಾಗುತ್ತಿದೆ' ಎಂಬ ಮಾತು ಎತ್ತಿನಹೊಳೆಯ ಸಂದರ್ಭದಲ್ಲಿಯೂ ಕೇಳಿಬಂತು, ಬೇಡ್ತಿ ಮತ್ತು ಅಘನಾಶಿನಿಯ ತಿರುವು ಪ್ರಸ್ತಾಪಗಳಲ್ಲಿಯೂ ಕೇಳಿಬರುತ್ತಿದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಲಯ ಉಳಿದಿದೆ. ಆ ಲಯದ ಮೇಲೆಯೇ ಗಜನಿಯ ಕಗ್ಗ ಭತ್ತ ನಿಂತಿದೆ, ಚಿಪ್ಪಿಕಲ್ಲು ಆಯುವ ಕುಟುಂಬಗಳ ಊಟ ನಿಂತಿದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಮನ್ನಣೆ ದೊರೆಯಿತು. ಪಕ್ಕದ ಶರಾವತಿಯಲ್ಲಿ ಆದದ್ದು ಫ್ಲಾರಿಡಾಕ್ಕೆ ತದ್ವಿರುದ್ಧ: ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿಯುವ ನೀರಿನಿಂದ ಅಳಿವೆಯ ಉಪ್ಪು ತಗ್ಗಿ ಚಿಪ್ಪಿಕಲ್ಲು ಕ್ಷೀಣಿಸಿತು. ನೀರು ಎಷ್ಟು ಎಂಬುದರೊಂದಿಗೆ ಯಾವಾಗ ಎಂಬುದೂ ಸಮುದ್ರಕ್ಕೆ ಮುಖ್ಯ.

ಆದುದರಿಂದ ನದಿ ತಿರುವಿನ ಅಹವಾಲು ಸಭೆಗಳು ಘಟ್ಟದ ಮೇಲಿನ ಊರುಗಳಿಗೆ ಸೀಮಿತವಾಗತಕ್ಕದ್ದಲ್ಲ. ಕುಮಟಾದ ಗಜನಿ ರೈತರನ್ನೂ, ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಆಯುವ ಹೆಂಗಸರನ್ನೂ ಕರೆದು ಕೇಳಬೇಕು. ಅಳಿವೆಯ ಉಪ್ಪಿನ ತಿಂಗಳುವಾರು ಅಳತೆಯನ್ನು ಯೋಜನಾ ವರದಿಯಲ್ಲಿಯೇ ಸೇರಿಸಿ, ಸಭೆಗೆ ಮುನ್ನ ಕನ್ನಡದಲ್ಲಿ ಪಂಚಾಯಿತಿಗಳಿಗೆ ತಲುಪಿಸಬೇಕು.